ಬ್ಯಾಕ್ಟೀರಿಯಾಗಳಿಗೂ ಉಂಟು ನಾಮಕರಣ ಶಾಸ್ತ್ರ

ಲ್ಯಾಕ್ಟೋಬ್ಯಾಸಿಲ್ಲಸ್, ಎಶೆರಿಶಿಯಾ ಕೋಲಿ, ಯೆರ್ಸಿನಿಯಾ ಪೆಸ್ಟಿಸ್... ನಾಲಿಗೆ ಹೊರಳದ ಇಂಥ ಹೆಸರುಗಳನ್ನು ಉರುಹೊಡೆಯುವಾಗ ‘ವಿಜ್ಞಾನಿಗಳಿಗೆ ಇದಕ್ಕಿಂತ ಸುಲಭದ ಹೆಸರು ಸಿಗಲಿಲ್ಲವೇ?’ ಎಂದು ಗೊಣಗದ ವಿದ್ಯಾರ್ಥಿ ಅಪರೂಪ. ಆದರೆ ಈ ಹೆಸರುಗಳು ಬರಿಯ ಗುರುತಿನ ಚೀಟಿಗಳಲ್ಲ. ಯಾವ ಜೀವಿ ಯಾವುದರ ಬಂಧು ಎಂಬುದನ್ನು ಅವು ಹೇಳುತ್ತವೆ. ಕೆಲವೊಮ್ಮೆ ಪ್ರಾಣ ಉಳಿಸುವ ಹೊಣೆಯೂ ಅವುಗಳ ಮೇಲಿರುತ್ತದೆ.

ಜಾತಿ ಮತ್ತು ಪ್ರಭೇದವನ್ನು ಸೂಚಿಸುವ ಎರಡು ಪದಗಳ ಹೆಸರಿನ ಪದ್ಧತಿಯನ್ನು 1753ರಲ್ಲಿ ಸಸ್ಯಗಳಿಗೆ ವ್ಯವಸ್ಥಿತವಾಗಿ ಬಳಸಿದವನು ಸ್ವೀಡನ್ನಿನ ಲಿನೇಯಸ್. ಗಿಡಮರ, ಪ್ರಾಣಿಪಕ್ಷಿಗಳನ್ನು ಅಚ್ಚುಕಟ್ಟಾಗಿ ವಿಂಗಡಿಸಿದ ಆತ ಸೂಕ್ಷ್ಮಜೀವಿಗಳ ಮುಂದೆ ಕೈಚೆಲ್ಲಿದ. ಅವನ್ನು ಹಾಕಿದ ಗುಂಪಿನ ಹೆಸರೇ ‘ಕೇಯಾಸ್’, ಅಂದರೆ ಅವ್ಯವಸ್ಥೆ!

ಅವನ ಕಷ್ಟ ಸಹಜವೇ. ಬ್ಯಾಕ್ಟೀರಿಯಾಕ್ಕೆ ಎಲೆಯಿಲ್ಲ, ಹೂವಿಲ್ಲ, ಕಾಲಿಲ್ಲ, ರೆಕ್ಕೆಯಿಲ್ಲ. 1872ರಲ್ಲಿ ಜರ್ಮನಿಯ ಫರ್ಡಿನೆಂಡ್ ಕೋನ್ ಅವುಗಳನ್ನು ಆಕಾರ ನೋಡಿ ವಿಂಗಡಿಸಿದರು. 1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕಿ ಗುರುತಿಸುವ ವಿಧಾನವನ್ನು ಕೊಟ್ಟರು. ಯಾವ ಸಕ್ಕರೆಯನ್ನು ಹುಳಿಯಾಗಿಸುತ್ತದೆ, ಆಮ್ಲಜನಕವಿಲ್ಲದೆ ಬದುಕುತ್ತದೆಯೇ ಎಂಬ ಪರೀಕ್ಷೆಗಳೂ ಸೇರಿಕೊಂಡವು. ಆದರೂ ಒಂದೇ ಜೀವಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟು ಗೊಂದಲ ಬೆಳೆಯಿತು. ಕೊನೆಗೆ 1980ರ ಜನವರಿ 1ರಿಂದ ಹೊಸ ಲೆಕ್ಕ ಶುರುವಾಯಿತು. ಅಧಿಕೃತ ಪಟ್ಟಿಯಲ್ಲಿ ಉಳಿದವು ಎರಡು ಸಾವಿರಕ್ಕಿಂತ ತುಸು ಹೆಚ್ಚು ಹೆಸರುಗಳು ಮಾತ್ರ. ಉಳಿದವೆಲ್ಲ ಮಾನ್ಯತೆ ಕಳೆದುಕೊಂಡವು.

ಇಂದು ನಂಟನ್ನು ನಿರ್ಧರಿಸುವುದು ಡಿಎನ್‌ಎ. ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಹೋಲಿಕೆ ಸರಾಸರಿ ಶೇ. 95-96ರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅವು ಒಂದೇ ಪ್ರಭೇದ. ಹೊಸದನ್ನು ಕಂಡುಹಿಡಿದವರು ಅದನ್ನು ಶುದ್ಧವಾಗಿ ಬೆಳೆಸಿ, ಮಾದರಿ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಿ, ವಿವರವನ್ನು ಪ್ರಕಟಿಸಬೇಕು. ಅನುಮಾನ ಬಂದ ಯಾರು ಬೇಕಾದರೂ ಅದನ್ನು ತರಿಸಿ ಪರೀಕ್ಷಿಸಬಹುದು. ಬೆಳೆಸಲಾಗದ ಜೀವಿಗಳಿಗೆ ಡಿಎನ್‌ಎ ಆಧಾರದ ಮೇಲೆಯೇ ಹೆಸರಿಡುವ ಪ್ರತ್ಯೇಕ ನಿಯಮಾವಳಿಯೂ 2022ರಲ್ಲಿ ಬಂದಿದೆ.

ನಮ್ಮ ದೇಶದ್ದೇ ಒಂದು ಉದಾಹರಣೆ ನೋಡೋಣ. ಹೈದರಾಬಾದಿನಿಂದ ಬಲೂನು ಹಾರಿಸಿ ವಾಯುಮಂಡಲದ ಮೇಲ್‌ಸ್ತರದಿಂದ ತಂದ ಗಾಳಿಯಲ್ಲಿ ಮೂರು ಹೊಸ ಬ್ಯಾಕ್ಟೀರಿಯಾಗಳು ಸಿಕ್ಕವು. 2009ರಲ್ಲಿ ಅವುಗಳಲ್ಲೊಂದಕ್ಕೆ ಆರ್ಯಭಟನ ನೆನಪಿಗೆ ‘ಬ್ಯಾಸಿಲ್ಲಸ್ ಆರ್ಯಭಟ್ಟೈ’ ಎಂದು ಹೆಸರಿಟ್ಟರು. 2020ರಲ್ಲಿ ಬ್ಯಾಸಿಲ್ಲಸ್ ಜಾತಿಯನ್ನು ಒಡೆದಾಗ ಅದು ‘ಪ್ರೀಸ್ಟಿಯಾ ಆರ್ಯಭಟ್ಟೈ’ ಆಯಿತು. ಮನೆತನದ ಹೆಸರು ಬದಲಾಯಿತು, ಕರೆಯುವ ಹೆಸರು ಉಳಿಯಿತು. ಅದೇ ವರ್ಷ ಹಾಲನ್ನು ಹುಳಿಯಾಗಿಸುವ ಲ್ಯಾಕ್ಟೋಬ್ಯಾಸಿಲ್ಲಸ್ ಜಾತಿಯೂ 25 ಪಾಲಾಯಿತು. ಬಳಸುವವರಿಗೆ ತೊಡಕಾಗಬಾರದೆಂದು ಹೆಚ್ಚು ಬಳಕೆಯಲ್ಲಿರುವ ಹೊಸ ಜಾತಿಗಳಿಗೆ ‘ಎಲ್’ ಅಕ್ಷರದಿಂದಲೇ ಶುರುವಾಗುವ ಹೆಸರುಗಳನ್ನು ಆರಿಸಿದರು.

ಹಾಗಾದರೆ ಡಿಎನ್‌ಎ ಹೇಳಿದ್ದೇ ಕೊನೆಯ ಮಾತೇ? ಅಲ್ಲ. ಇಲ್ಲಿ ಪ್ಲೇಗಿನ ಕಥೆ ಕೇಳಿ. 1898ರಲ್ಲಿ ಬೆಂಗಳೂರನ್ನು ನಡುಗಿಸಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ರೋಗವದು. ಅದರ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ ಅಲೆಕ್ಸಾಂದ್ರ್ ಯೆರ್ಸಿನ್ ಅವರ ನೆನಪಿಗೇ ‘ಯೆರ್ಸಿನಿಯಾ ಪೆಸ್ಟಿಸ್’ ಎಂಬ ಹೆಸರು. ಆದರೆ 1980ರಲ್ಲಿ ಡಿಎನ್‌ಎ ಹೋಲಿಸಿದಾಗ ಅದು ‘ಯೆರ್ಸಿನಿಯಾ ಸ್ಯೂಡೋಟ್ಯೂಬರ್‌ಕ್ಯುಲೋಸಿಸ್’ ಎಂಬ ರೋಗಾಣುವಿನ ಉಪಪ್ರಭೇದವಷ್ಟೇ ಎಂದು ಕಂಡುಬಂತು. ಈ ಎರಡನೆಯದು ತರುವುದು ಜ್ವರ, ಹೊಟ್ಟೆನೋವು. ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ. ಪ್ಲೇಗು ಹಾಗಲ್ಲ, ಚಿಕಿತ್ಸೆ ತಡವಾದರೆ ಸಾವು.

ಎರಡಕ್ಕೂ ಒಂದೇ ಹೆಸರಿಟ್ಟರೆ? ಪ್ರಯೋಗಾಲಯದ ವರದಿಯಲ್ಲಿ ಕೊನೆಯ ಒಂದು ಪದ ಬಿಟ್ಟುಹೋದರೂ ವೈದ್ಯರು ಪ್ಲೇಗನ್ನು ಹೊಟ್ಟೆನೋವೆಂದು ತಿಳಿಯಬಹುದು! ಆದ್ದರಿಂದ 1985ರಲ್ಲಿ ನಾಮಕರಣದ ನ್ಯಾಯಮಂಡಳಿ ಆ ಹೊಸ ಹೆಸರನ್ನು ತಿರಸ್ಕರಿಸಿತು. ಆರೋಗ್ಯಕ್ಕೆ, ಜೀವಕ್ಕೆ ಅಪಾಯ ತರಬಹುದಾದ ಹೆಸರನ್ನು ತಳ್ಳಿಹಾಕಲು ನಿಯಮಾವಳಿಯಲ್ಲೇ ಅವಕಾಶವಿದೆ. ನಂಟು ನಿಜವೇ ಆದರೂ ಹೆಸರಿನ ವಿಷಯದಲ್ಲಿ ಜೀವರಕ್ಷಣೆಗೆ ಮೊದಲ ಮಣೆ.

ಪೋಷಕರಿಗೆ ಒಂದು ಮಾತು. ಮಕ್ಕಳ ಪುಸ್ತಕದಲ್ಲಿ ವಿಷಮಶೀತ ಜ್ವರದ ರೋಗಾಣು ‘ಸಾಲ್ಮೊನೆಲ್ಲಾ ಟೈಫಿ’ ಎಂದಿದ್ದು, ಬೇರೆಡೆ ‘ಸಾಲ್ಮೊನೆಲ್ಲಾ ಎಂಟೆರಿಕಾ’ ಎಂದು ಕಂಡರೆ ಗಾಬರಿ ಬೇಡ. ಈಗಿನ ವಿಂಗಡಣೆಯಂತೆ ಟೈಫಿ ಎಂಬುದು ಎಂಟೆರಿಕಾ ಪ್ರಭೇದದ ಒಂದು ಬಗೆ. ವಿದ್ಯಾರ್ಥಿಗಳು ಇಂಗ್ಲಿಷ್ ಲಿಪಿಯಲ್ಲಿ ಈ ಹೆಸರುಗಳನ್ನು ಬರೆಯುವಾಗ ಜಾತಿಯ ಮೊದಲಕ್ಷರವನ್ನಷ್ಟೇ ದೊಡ್ಡಕ್ಷರದಲ್ಲಿ ಬರೆದು, ಎರಡೂ ಪದಗಳಿಗೆ ಬೇರೆಬೇರೆಯಾಗಿ ಅಡಿಗೆರೆ ಎಳೆಯಬೇಕು. ಉರುಹೊಡೆಯುವ ಮೊದಲು ಆ ಹೆಸರು ಯಾರ ನೆನಪಿನದು, ಏನು ಹೇಳುತ್ತದೆ ಎಂದು ಒಮ್ಮೆ ಹುಡುಕಿ ನೋಡಿ. ಅರ್ಥ ತಿಳಿದ ಹೆಸರು ಬೇಗ ಮರೆಯುವುದಿಲ್ಲ.