ಚಿಪ್ಪಿಲ್ಲದ ಕಲ್ಲಿನ ಚರಿತ್ರೆ

ರಾಷ್ಟ್ರಧ್ವಜದ ಖಾದಿ ಬಟ್ಟೆಯಿಂದಾಗಿ ಧಾರವಾಡ ಜಿಲ್ಲೆಯ ಗರಗದ ಹೆಸರು ನಾಡಿಗೆಲ್ಲ ಪರಿಚಿತ. ಆ ಸೀಮೆಯ ಕಲ್ಲಿನ ಖ್ಯಾತಿ ಅದಕ್ಕಿಂತಲೂ ದೂರ ಹೋಗಿದೆ. ಭೂವಿಜ್ಞಾನಿಗಳಿಗೆ ‘ಧಾರವಾಡ’ ಒಂದು ಪ್ರಾಚೀನ ಶಿಲಾಸಮೂಹದ ಹೆಸರೂ ಹೌದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ಬಳಕೆಗೆ ತಂದರು.

ಈ ಕಲ್ಲುಗಳಲ್ಲಿ ಎಷ್ಟು ಹುಡುಕಿದರೂ ಚಿಪ್ಪಿನ ಪಳೆಯುಳಿಕೆ ಸಿಗದು. ಅದರ ಮಹತ್ವ ತಿಳಿಯಬೇಕಾದರೆ, ಚಿಪ್ಪು ಸಿಗುವ ಕಡೆ ಅದು ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಡೆವೋನಿಯನ್ ಯುಗ ಸುಮಾರು 42 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 36 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಅದರ ಕೊನೆಯ ಭಾಗದ ಕಡಲುಗಳಲ್ಲಿ ಸಿರ್ಟೊಸ್ಪಿರಿಫರ್ ಎಂಬ ಬ್ರಾಕಿಯೋಪಾಡ್ ಕುಲ ಹೇರಳವಾಗಿತ್ತು. ಬ್ರಾಕಿಯೋಪಾಡ್‌ಗಳು ನೋಡಲು ಮಳಿಯಂತಿದ್ದರೂ ಅದರ ಬಂಧುಗಳಲ್ಲ. ಮಳಿಗೆ ಎಡ–ಬಲ ಚಿಪ್ಪುಗಳಿದ್ದರೆ ಇವಕ್ಕೆ ಮೇಲೊಂದು, ಕೆಳಗೊಂದು. ಸಿರ್ಟೊಸ್ಪಿರಿಫರ್‌ನ ಅಗಲವಾದ ಚಿಪ್ಪು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುತ್ತದೆ. ಚೀನೀಯರು ಇಂಥವನ್ನು ಕಲ್ಲಿನ ಹಕ್ಕಿಗಳೆಂದು ಕರೆದು, ಪುಡಿ ಮಾಡಿ ಔಷಧಿಗೂ ಬಳಸಿದರು. ಈ ಕುಲ ಅಳಿಯಿತು. ಆದರೆ ಬ್ರಾಕಿಯೋಪಾಡ್ ವರ್ಗದ ಲಿಂಗುಲಾ ಭಾರತದ ಪೂರ್ವ ಕರಾವಳಿಯ ಕೆಸರಿನಲ್ಲಿ ಇಂದಿಗೂ ಬದುಕಿದೆ.

ಬಹುಕಾಲ ಬಾಳದೆ, ಬಹುದೂರ ಹರಡಿದ ಇಂಥ ಕುಲಗಳು ಶಿಲಾಪದರಗಳಿಗೆ ತಾರೀಖಿನ ಮುದ್ರೆ ಇದ್ದಂತೆ. ಒಂದು ಚಿಪ್ಪು ಕಂಡರೆ ಸಾಕು, ಪದರದ ಕಾಲ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಧಾರವಾಡದ ಶಿಲೆಗಳಿಗೆ ಆ ಅನುಕೂಲವಿಲ್ಲ. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಆಗ ಚಿಪ್ಪುಳ್ಳ ಪ್ರಾಣಿಗಳೇ ಹುಟ್ಟಿರಲಿಲ್ಲ. ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಟೊಲೈಟ್‌ಗಳಷ್ಟೇ ಅಂದಿನ ಜೀವದ ಕಣ್ಣಿಗೆ ಕಾಣುವ ಗುರುತು. ಉಳಿದ ಕಥೆಯನ್ನು ಖನಿಜಕಣಗಳಿಂದ, ಪದರಗಳ ಬಾಗು–ಬಳುಕಿನಿಂದ, ಕಲ್ಲು ಇದ್ದಲ್ಲಿಯೇ ಓದಬೇಕು.

ಆದುದರಿಂದಲೇ ಇಲ್ಲಿ ಹೊರಚಾಚಿದ ಬಂಡೆಯೇ ಮೂಲ ದಾಖಲೆ. ಚಿಪ್ಪನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು; ಬಂಡೆ ಜಲ್ಲಿಯಾದರೆ ಅದರ ಸಾಕ್ಷ್ಯ ಮರಳಿ ಬಾರದು. ಲಾಲ್‌ಬಾಗ್‌ನ ಬಂಡೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ಲಾವಾಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಮಾರಕಗಳೆಂದು ಗುರುತಿಸಿದೆ. ಭೂಪರಂಪರೆಯ ರಕ್ಷಣೆಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಮಸೂದೆಯ ಕರಡನ್ನೂ ಪ್ರಕಟಿಸಿತು. ಆದರೆ ಸ್ಮಾರಕದ ಫಲಕ ಎಲ್ಲ ಬಂಡೆಗೂ ಸಿಗದು. ರಸ್ತೆಗೂ ಮನೆಗೂ ಕಲ್ಲು ಬೇಕು, ನಿಜ. ಗಣಿಗೆ ಪರವಾನಗಿ ನೀಡುವ ಮುನ್ನ ಭೂವಿಜ್ಞಾನಿಗಳ ಅಭಿಪ್ರಾಯ ಕೇಳುವುದು ದೊಡ್ಡ ಹೊರೆಯಲ್ಲ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವೇ ಇದೆ. ಯಾವ ಬಂಡೆಯನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂಬ ಪಟ್ಟಿಯನ್ನು ಅಲ್ಲಿಂದಲೇ ಆರಂಭಿಸಬಹುದು.