ಮಳೆ ಲೆಕ್ಕಕ್ಕೆ ಎರಡನೇ ಸಾಕ್ಷಿ

2009ರ ನವೆಂಬರ್ 10ರಂದು ಕೇತ್ತಿಯಲ್ಲಿ ದಾಖಲಾದ ಒಂದು ದಿನದ ಮಳೆ 82 ಸೆಂ.ಮೀ. ಆ ದಿನಗಳಲ್ಲಿ ನಮ್ಮ ನೀಲಗಿರಿಯ ಇಳಿಜಾರುಗಳು ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅಂಥ ಮಳೆಯಲ್ಲಿ ಸ್ವಯಂಚಾಲಿತ ಮಳೆಮಾಪಕ ಒಂದನ್ನೇ ನಂಬಿ ಕೂರಬಾರದು. ಅದರ ಆಲಿಕೆಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡರೆ, ಹೊರಗೆ ಸುರಿಯುತ್ತಿದ್ದರೂ ಯಂತ್ರ ‘ಸೊನ್ನೆ’ ಎನ್ನಬಹುದು. ಯಂತ್ರ ಕೆಟ್ಟು ಸುಮ್ಮನಾಗುವುದಕ್ಕಿಂತ ಈ ಸುಳ್ಳು ಸೊನ್ನೆಯೇ ಹೆಚ್ಚು ಅಪಾಯ. ಮಂಜು ಕವಿದ ವಾರಗಳಲ್ಲಿ ಸೌರಫಲಕದಿಂದ ಬ್ಯಾಟರಿಯೂ ಸರಿಯಾಗಿ ತುಂಬದು.

ಆದ್ದರಿಂದ ಪಕ್ಕದಲ್ಲೇ ಕೈಯಿಂದ ಅಳೆಯುವ ಮಾಪಕವೂ ಇರಲಿ. ಇಲ್ಲವಾದರೆ ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿ ಸಾಕು. ಮರ, ಸೂರುಗಳಿಂದ ದೂರವಿಟ್ಟು, ಬೆಳಿಗ್ಗೆ 8.30ಕ್ಕೆ (ಹವಾಮಾನ ಇಲಾಖೆ ಅಳೆಯುವ ಹೊತ್ತೂ ಅದೇ) ಅಡಿಪಟ್ಟಿ ಇಳಿಸಿ ನೋಡಿ, ಪುಸ್ತಕದಲ್ಲಿ ಬರೆದಿಡಿ. ಅಳೆಯದ ದಿನ ಸೊನ್ನೆ ಹಾಕಬೇಡಿ, ಗೆರೆ ಎಳೆಯಿರಿ. ಎರಡು ಲೆಕ್ಕಗಳು ತೀರಾ ಬೇರೆಯಾದರೆ ಮೊದಲು ಆಲಿಕೆ ತೆಗೆದು ನೋಡಿ.