ಮೊಗ್ಗಿಗೆ ಬೇಕಾದ ಕಬ್ಬಿಣ

ಎರೆಭೂಮಿಯಲ್ಲಿ ಶೇಂಗಾದ ಎಳೆ ಎಲೆ ಹಳದಿಗೆ ತಿರುಗಿ ನರಗಳಷ್ಟೇ ಹಸಿರಾಗಿ ಉಳಿದರೆ, ಅದು ಕಬ್ಬಿಣದ ಕೊರತೆಯೆಂದು ಗುರುತಿಸಿ ಅನ್ನಭೇದಿ ಸಿಂಪಡಿಸುತ್ತಾರೆ. ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ 5 ಅದೇ. ಸುಣ್ಣದಂಶ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಮಾತ್ರ ಅದು ನೀರಿಗೆ ಕರಗದೆ ಕೂತುಬಿಡುತ್ತದೆ, ಬೇರಿಗೆ ದಕ್ಕುವುದಿಲ್ಲ. ಎಲೆಯ ಬಣ್ಣ ಕಣ್ಣಿಗೆ ಹೊಡೆಯುವುದರಿಂದ ಕಬ್ಬಿಣದ ಮಾತೆಲ್ಲ ಎಲೆಗೇ ನಿಂತುಹೋಗುತ್ತದೆ. ಮೊಗ್ಗಿನೊಳಗೆ ನಡೆಯುವುದು ಅದಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಹೂ ಕೆಟ್ಟರೆ ಕಾಯಿ ಎಲ್ಲಿಂದ ಬರಬೇಕು?

ಪರಾಗಕೋಶದ ಒಳಗೋಡೆಯಲ್ಲಿ ಟಪೀಟಮ್ ಎಂಬ ಜೀವಕೋಶಗಳ ಪದರವಿದೆ. ಬೆಳೆಯುತ್ತಿರುವ ಪರಾಗಕ್ಕೆ ಉಣಿಸುವುದು ಅದರ ಕೆಲಸ. ಮೆಕ್ಕೆಜೋಳದಲ್ಲಿ ಪರಾಗ ರೂಪುಗೊಳ್ಳುವ ಹೊತ್ತಿಗೆ ಈ ಪದರದ ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯಗಳ ಸಂಖ್ಯೆ ಸುಮಾರು 40 ಪಟ್ಟು ಏರುವುದನ್ನು 1979ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮೈಟೊಕಾಂಡ್ರಿಯದಲ್ಲಿ ಉಸಿರಾಟದ ಶಕ್ತಿ ಹುಟ್ಟಿಸುವ ಪ್ರೊಟೀನುಗಳು ಕಬ್ಬಿಣವಿಲ್ಲದೆ ನಡೆಯವು. ಕೆಲವೇ ದಿನಗಳಲ್ಲಿ, ಅಷ್ಟು ಚಿಕ್ಕ ಜಾಗದಲ್ಲಿ, ಅಷ್ಟೊಂದು ಕಬ್ಬಿಣ ಬೇಕಾಗುತ್ತದೆ.

ಅದನ್ನು ಅಲ್ಲಿಗೆ ಮುಟ್ಟಿಸುವುದು ಸುಲಭವಲ್ಲ. ಸಸ್ಯರಸದಲ್ಲಿ ಕಬ್ಬಿಣ ಒಂಟಿಯಾಗಿ ಹರಿದರೆ ಗಟ್ಟಿಯಾಗಿ ತಳ ಸೇರುತ್ತದೆ, ಇಲ್ಲವೇ ಸಿಕ್ಕಿದ್ದನ್ನು ಸುಡುತ್ತದೆ. ಹಾಗಾಗಿ ನಿಕೋಟಿಯಾನಮೈನ್ ಎಂಬ ಪುಟ್ಟ ಅಣು ಅದನ್ನು ಅಪ್ಪಿ ಹಿಡಿದು ಸಾಗಿಸುತ್ತದೆ. 2003ರಲ್ಲಿ ಜಪಾನಿನ ವಿಜ್ಞಾನಿಗಳು ಬಾರ್ಲಿಯ ಒಂದು ಜೀನನ್ನು ತಂಬಾಕಿಗೆ ಸೇರಿಸಿದರು. ಆ ಜೀನಿನಿಂದ ಹುಟ್ಟುವ ಕಿಣ್ವ ನಿಕೋಟಿಯಾನಮೈನನ್ನು ಬಳಸಿ ಖಾಲಿಮಾಡುತ್ತದೆ. ಗಿಡದ ಎಳೆ ಎಲೆಗಳು ನರಗಳ ನಡುವೆ ಹಳದಿಯಾದವು. ಹೂಗಳ ಆಕಾರ ಕೆಟ್ಟು ಅವು ಬರಡಾದವು. ಅದೇ ಗಿಡವನ್ನು ಸಾಮಾನ್ಯ ತಂಬಾಕಿನ ಜೊತೆ ಕಸಿ ಕಟ್ಟಿದಾಗ ಕೊರತೆ ನೀಗಿತು. ಬೇಕಾದ ಅಣು ಜೊತೆಗಾರ ಗಿಡದಿಂದ ಹರಿದು ಬಂದಿತ್ತು. ಬೇರು ಹೀರಿಕೊಳ್ಳುವುದು ಅರ್ಧ ಕೆಲಸ ಮಾತ್ರ ಎಂಬುದಕ್ಕೆ ಇದಕ್ಕಿಂತ ಚೊಕ್ಕಟವಾದ ಪುರಾವೆ ನನಗೆ ಗೊತ್ತಿಲ್ಲ.

ಹೆಚ್ಚಾದರೂ ಕೇಡೇ. ಬಿಡಿಯಾಗಿ ಉಳಿದ ಕಬ್ಬಿಣ ಹೈಡ್ರೊಜನ್ ಪೆರಾಕ್ಸೈಡಿನೊಂದಿಗೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಕಣವನ್ನು ಹುಟ್ಟಿಸುತ್ತದೆ. ಎದುರಿಗೆ ಸಿಕ್ಕ ಕೊಬ್ಬು, ಪ್ರೊಟೀನು, ಡಿಎನ್ಎ ಯಾವುದನ್ನೂ ಅದು ಬಿಡದು. ಇದಕ್ಕೆ ಗಿಡದ ಉತ್ತರ ಫೆರಿಟಿನ್. 24 ಪ್ರೊಟೀನು ತುಂಡುಗಳು ಸೇರಿ ಆದ ಟೊಳ್ಳು ಗೋಳ ಅದು, ಒಳಗೆ 4,500ರವರೆಗೆ ಕಬ್ಬಿಣದ ಪರಮಾಣುಗಳನ್ನು ಬಂದೋಬಸ್ತಾಗಿ ಇರಿಸಿಕೊಳ್ಳುತ್ತದೆ. ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಗಿಡದಲ್ಲಿ ಇದರ ನಾಲ್ಕು ಜೀನುಗಳಿವೆ. ಎಲೆ ಮತ್ತು ಹೂವಿನ ಫೆರಿಟಿನ್ ತಯಾರಿಸುವ ಮೂರನ್ನು ಫ್ರಾನ್ಸಿನ ವಿಜ್ಞಾನಿಗಳು ನಿಷ್ಕ್ರಿಯಗೊಳಿಸಿ, ಹೆಚ್ಚು ಕಬ್ಬಿಣ ಬೆರೆಸಿದ ನೀರುಣಿಸಿದರು. ಬೆಳವಣಿಗೆ ಕುಂಠಿತವಾಯಿತು, ಹೂಗಳು ವಿಕಾರವಾದವು, ಫಲವಂತಿಕೆ ಕುಗ್ಗಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬೀಜದ ಫೆರಿಟಿನ್ನನ್ನೂ ಪರೀಕ್ಷಿಸಲಾಗಿತ್ತು. ಮೊಳಕೆಗೆ ಕಬ್ಬಿಣ ಕೊಡುವ ಮುಖ್ಯ ಉಗ್ರಾಣ ಅದೇ ಇರಬೇಕೆಂದು ಭಾವಿಸಿದ್ದರು. ಅದಿಲ್ಲದೆಯೂ ಸಸಿಗಳು ಬೆಳೆದವು. ಅರಬಿಡಾಪ್ಸಿಸ್‌ನ ಮಟ್ಟಿಗೆ ಫೆರಿಟಿನ್ ಕೂಡಿಡುವುದಕ್ಕಿಂತ ಹೆಚ್ಚಾಗಿ ಕಾಯುವ ಕೆಲಸ ಮಾಡುತ್ತದೆ, ಅದರ ಕಾವಲು ಹೂವಿಗೂ ಬೇಕು.